ಮಗುವಿನ ಕೈ, ಅಮ್ಮನ ಪಾಕ

ಆಗಸ್ಟ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಖಾಸಗಿ ಶಾಲೆಗಳಿಗೆ ಸರಳತೆಯ ಜ್ವರ ಏರುತ್ತದೆ. ಶಿಕ್ಷಕರ ದಿನಾಚರಣೆಗೆ ದುಬಾರಿ ಉಡುಗೊರೆ ಬೇಡ. ಟೀಚರುಗಳಿಗೂ ಸಹಪಾಠಿಗಳಿಗೂ ಮಗು ಕೈಯಾರೆ ಮಾಡಿದ ಮಿಠಾಯಿ ಸಾಕು. ಒಟ್ಟು ಖರ್ಚು 50 ರೂಪಾಯಿ ಮೀರಬಾರದು. ಸುತ್ತೋಲೆ ಓದಿದರೆ ಗಾಂಧೀಜಿಯೇ ಆಡಳಿತ ಮಂಡಳಿಗೆ ಸೇರಿಕೊಂಡರೇನೋ ಅನ್ನಿಸಬೇಕು. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಪುಟ್ಟ ಷರತ್ತು: ಪ್ಯಾಕಿಂಗ್ ಆಕರ್ಷಕವಾಗಿರಲಿ.

ಆ ಒಂದು ಸಾಲಿನಿಂದ ಮಾಮೂಲ್‌ಪೇಟೆಯ ಅಂಗಡಿಗಳ ಒಲೆ ಉರಿಯುತ್ತದೆ. ರಿಬ್ಬನ್ನು, ಚಿನ್ನದ ಬಣ್ಣದ ಕಾಗದ, ಜಾಲರಿ ಚೀಲ. ಆಟೊ ಬಾಡಿಗೆ 50 ರೂಪಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಹೃದಯದಾಕಾರದ ಸಿಲಿಕೋನ್ ಅಚ್ಚೂ ಬರುವುದಿಲ್ಲ, ಏಕೆಂದರೆ ‘ಅದು ಮನೆಯಲ್ಲೇ ಇತ್ತು’. ಹೀಗೆ ಮನೆಯಲ್ಲೇ ಇದ್ದ ಸಾಮಾನನ್ನೆಲ್ಲ ಸೆಪ್ಟೆಂಬರ್ 4ರ ರಾತ್ರಿ ಹತ್ತು ನಿಮಿಷದ ಡೆಲಿವರಿ ಹುಡುಗ ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ.

ಮಿಠಾಯಿ ಅಂದರೆ ಕೊಬ್ಬರಿ ಮಿಠಾಯಿ, ಕಡ್ಲೆ ಮಿಠಾಯಿ ಅಂದುಕೊಂಡಿರಾ? ಅವು ಫೋಟೊಗೆ ಬರುವುದಿಲ್ಲ ಎಂದು ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪು ಎಂದೋ ತೀರ್ಮಾನಿಸಿದೆ. ಹಾಗಾಗಿ ಕಾಂಪೌಂಡ್ ಚಾಕೊಲೇಟ್. ಅದರಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಅಗ್ಗ, ಹೆಚ್ಚು ರಗಳೆಯಿಲ್ಲದೆ ಗಟ್ಟಿಯಾಗುತ್ತದೆ. ಕಾರ್ಖಾನೆಯವರು ಗಟ್ಟಿ ಮಾಡಿದ್ದನ್ನು ಕರಗಿಸಿ ಮತ್ತೆ ಗಟ್ಟಿ ಮಾಡಿದರೆ ಅದು ‘ಹೋಮ್‌ಮೇಡ್’. ‘ನಮ್ಮವಳು ಎಲ್ಲಾ ತಾನೇ ಮಾಡಿದ್ಲು ರೀ, ನಾನು ಬರೀ ಕರಗಿಸಿ, ಹೊಯ್ದು, ಬಿಡಿಸಿ, ಸುತ್ತಿಕೊಟ್ಟೆ ಅಷ್ಟೇ’ ಎಂದು ರಾತ್ರಿ ಹನ್ನೆರಡಕ್ಕೆ ಗುಂಪಿನಲ್ಲೊಂದು ಸಂದೇಶ ಬೀಳುತ್ತದೆ. ಎಲ್ಲಾ ಮಾಡಿದ ನಮ್ಮವಳು ಒಂಬತ್ತಕ್ಕೇ ಮಲಗಿರುತ್ತಾಳೆ.

ಯಾರ ಹುಟ್ಟುಹಬ್ಬಕ್ಕೆ ಇಷ್ಟೆಲ್ಲ ನಡೆಯುತ್ತದೋ ಆ ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ಕೈಯಾರೆ ಕೊಟ್ಟ ಕಾಣಿಕೆ, ಖರ್ಚು ಸೊನ್ನೆ. ಈಗಾಗಿದ್ದರೆ ಸಾರೋಟು ಎಳೆಯುವ ಕೆಲಸವೂ ಅಮ್ಮಂದಿರ ಗುಂಪಿಗೇ ಬೀಳುತ್ತಿತ್ತು. ಸ್ಟೇಷನ್ ಬಾಗಿಲಲ್ಲಿ ಮಕ್ಕಳ ಕೈಗೆ ನೊಗ ಕೊಟ್ಟು ಫೋಟೊ.

ಇನ್ನು ಸಕ್ಕರೆಯ ಸಂಗತಿ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’, ಅಂದರೆ ಅತಿ ಸಕ್ಕರೆಯ ಅಪಾಯ ತಿಳಿಸುವ ಫಲಕ, ಹಾಕಲು ಹೇಳಿತು. ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 5 ಮೀರಬಾರದು, 4ರಿಂದ 10 ವರ್ಷದ ಮಕ್ಕಳಲ್ಲಿ ಅದು ಶೇ 13 ಇದೆ ಎಂಬುದು ಮಂಡಳಿಯ ಕಳವಳ. ಬೋರ್ಡು ಬಂತು, ಗೋಡೆಗೂ ಏರಿತು. ಸೆಪ್ಟೆಂಬರ್ 5ರಂದು ಮಿಠಾಯಿ ಜೋಡಿಸಲು ಉದ್ದನೆಯ ಮೇಜು ಹಾಕುವಷ್ಟು ಜಾಗ ಇರುವುದು ಆ ಗೋಡೆಯ ಕೆಳಗೇ. ಸಕ್ಕರೆ ಕಾಯಿಲೆಯ ಕನ್ನಡ ಮಿಸ್ಸು ಅಲ್ಲೇ ನಿಂತು, ನಲವತ್ತು ಪೊಟ್ಟಣಗಳನ್ನು ನಲವತ್ತು ಸಲ ನಕ್ಕು ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಅವೆಲ್ಲ ಆಯಾಗಳ ಚೀಲ ಸೇರುತ್ತವೆ. ಉಡುಗೊರೆ ಸಿಕ್ಕಬೇಕಾದವರಿಗೆ ಸಿಕ್ಕಿತಲ್ಲ, ಅದೊಂದು ಸಮಾಧಾನ.

ಮಿಠಾಯಿ ಇದ್ದ ಮೇಲೆ ಸ್ಪರ್ಧೆ, ಸ್ಪರ್ಧೆ ಇದ್ದ ಮೇಲೆ ಅಂಕ. ಐದನೇ ಕ್ಲಾಸಿನ ಹುಡುಗನೊಬ್ಬ ಸುತ್ತೋಲೆಯನ್ನು ಅಕ್ಷರಶಃ ನಂಬಿದ. ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಡಲೆಬೀಜ ಹುರಿದ, ಉಜ್ಜಿ ಸಿಪ್ಪೆ ಹಾರಿಸಿದ, ಬೆಲ್ಲ ಕುಟ್ಟಿ ಪಾಕಕ್ಕಿಟ್ಟ. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ತೆಗೆದು ತಟ್ಟೆಗೆ ಎಸೆದ. ಮೊದಲ ಸಲ ಸದ್ದಿಲ್ಲ. ಮತ್ತೆ ಕುದಿಸಿ ಎಸೆದಾಗ ಟಣ್ ಅಂತು. ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿ ಆರುವ ಮುಂಚೆ ಗೆರೆ ಎಳೆದ, ಗೆರೆ ಸೊಟ್ಟಗಾಯಿತು. ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ತಂದ. ನಿಜಕ್ಕೂ 50 ರೂಪಾಯಿಯೊಳಗೆ ಮುಗಿದದ್ದು ಅದೊಂದೇ.

ತೀರ್ಪುಗಾರರು ಚೀಟಿಯಲ್ಲಿ ಬರೆದರು: ‘ರುಚಿ ಪರವಾಗಿಲ್ಲ. ಫಿನಿಶಿಂಗ್ ಸಾಲದು. ಮುಂದಿನ ಸಲ ಅಮ್ಮನ ಸಹಾಯ ಪಡೆಯಬೇಕು.’