ಬಾಯಿದ್ದವರಿಗಷ್ಟೇ ನ್ಯಾಯವೇ?

ಬೆಂಗಳೂರಿನಲ್ಲಿ ವರ್ಷದ ಕೆಲಸವನ್ನು ಅಳೆದು ರೇಟಿಂಗ್ ಹೇಳುವ ಅಪ್ರೈಸಲ್ ಪತ್ರ ಕೈಸೇರುವ ಕಾಲಕ್ಕೆ ಸ್ಟುಟ್‌ಗಾರ್ಟ್‌ನಲ್ಲಿರುವ ನನಗೆ ಹಳೆಯ ಸಹೋದ್ಯೋಗಿಗಳ ಫೋನ್ ಬರತೊಡಗುತ್ತದೆ. ಹೋದ ವರ್ಷ ಒಂದೇ ತಂಡದ ಇಬ್ಬರಿಗೆ ಒಂದೇ ಬಗೆಯ ಅನ್ಯಾಯವಾಗಿತ್ತು: ರಾತ್ರಿ ಪಾಳಿಯಲ್ಲಿ ದುಡಿದವರಿಗೇ ಕಡಿಮೆ ರೇಟಿಂಗ್. ಒಬ್ಬ ಅಂದೇ ಮ್ಯಾನೇಜರರ ಕೋಣೆಗೆ ನುಗ್ಗಿ ದನಿ ಏರಿಸಿದ. ಅವನ ರೇಟಿಂಗ್ ಬದಲಾಯಿತು. ಇನ್ನೊಬ್ಬಳು "ಇರಲಿ ಬಿಡಿ" ಎಂದು ಸುಮ್ಮನಾದಳು, ಸ್ವಲ್ಪ ದಿನಕ್ಕೆ ರಾಜೀನಾಮೆ ಕೊಟ್ಟಳು. ನೋಟಿಸ್ ಅವಧಿ ಮುಗಿಯುವವರೆಗೂ ಹೊಸಬನ ಪಕ್ಕ ಕೂತು ಕೆಲಸ ಕಲಿಸಿದಳು. ಬಿಡುವ ಕಾರಣ ಕೇಳುವ ಅಂಕಣದಲ್ಲಿ ಬರೆದದ್ದು "ವೈಯಕ್ತಿಕ".

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತೇವೆ ನಾವು, ಅದೂ ಮೆಚ್ಚುಗೆಯಿಂದ. ಬಾಯಿಲ್ಲದವರ ಗತಿ?

ಸ್ಕಾರ್ಲಿಕಿ, ಫೋಲ್ಗರ್ ಮತ್ತು ಟೆಸ್ಲುಕ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಗ ಮನಸ್ಸು ಕಹಿಮಾಡಿಕೊಳ್ಳುವವರು ಮತ್ತು ಹೊಂದಿಕೊಳ್ಳುವ ಗುಣ ಕಡಿಮೆಯಿರುವವರು ಅನ್ಯಾಯವಾದಾಗ ಹೆಚ್ಚಾಗಿ ಸೇಡಿಗಿಳಿಯುತ್ತಾರೆ. ಕಾಯಿಲೆಯಿಲ್ಲದೆ ಸಿಕ್ ಲೀವ್ ಹಾಕುವುದು, ಮೇಲಧಿಕಾರಿಯ ಬಗ್ಗೆ ಹಿಂದಿನಿಂದ ಆಡಿಕೊಳ್ಳುವುದು, ಹೀಗೆ. ಇದನ್ನೋದಿದ ಆಡಳಿತದವರು ಸಾಧು ಸ್ವಭಾವದವರನ್ನೇ ಆರಿಸಿಕೊಳ್ಳೋಣ ಎಂದುಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಸೇಡು ತೀರಿಸಿಕೊಳ್ಳದವರಿಗೂ ನೋವಾಗಿರುತ್ತದೆ.

ಇಲ್ಲಿ ಜರ್ಮನಿಯಲ್ಲೂ ಮಾತು ಬಾರದೆ ತಲೆತಗ್ಗಿಸಿ ಕೂರುವವರಿದ್ದಾರೆ. ಆದರೆ ಐದು ಮಂದಿ ಕಾಯಂ ನೌಕರರಿರುವ ಕಡೆಯೂ ನೌಕರರ ಮಂಡಳಿಯನ್ನು ಚುನಾಯಿಸಬಹುದು. ಸಂಬಳ ಹೇಗೆ ಲೆಕ್ಕವಾಯಿತು, ಕೆಲಸವನ್ನು ಹೇಗೆ ಅಳೆದಿರಿ ಎಂದು ಕೇಳುವಾಗ ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದೊಯ್ಯುವ ಹಕ್ಕು 1972ರ ಕಾಯ್ದೆಯಲ್ಲಿದೆ. ದೂರು ಕೊಟ್ಟವರಿಗೆ ತೊಂದರೆ ಕೊಡುವಂತಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಅಂಥದೊಂದು ಸಭೆಯಲ್ಲಿ ಆಡಿದ್ದು ನಾಲ್ಕೇ ಮಾತು. ಪಕ್ಕದಲ್ಲಿದ್ದ ಮಂಡಳಿಯ ಹೆಂಗಸು ಕೆಲಸದ ವಿವರದ ಹಾಳೆ ಮುಂದಿಟ್ಟು ಒಂದೊಂದೇ ಸಾಲು ಓದುತ್ತಾ ಹೋದರು. ಸಹೋದ್ಯೋಗಿಯ ಸಂಬಳದ ಶ್ರೇಣಿ ಸರಿಹೋಯಿತು. ಹಾಗೆಂದು ಇಲ್ಲಿನ ಎಲ್ಲ ಕಂಪನಿಗಳಲ್ಲೂ ಮಂಡಳಿಯಿಲ್ಲ. ಯಾರಾದರೂ ಧೈರ್ಯವಂತರು ಮೊದಲು ಚುನಾವಣೆಗೆ ಮುಂದಾಗಬೇಕು. ಅಲ್ಲಿ ಸ್ವಭಾವದ ಮಾತು ಮತ್ತೆ ಬಂದೇ ಬರುತ್ತದೆ. ಆದರೆ ಆ ಧೈರ್ಯ ಒಬ್ಬರಿಗಿದ್ದರೆ ಸಾಕು, ನೊಂದವರೆಲ್ಲರಿಗೂ ಇರಬೇಕಿಲ್ಲ.

ಕರ್ನಾಟಕ ಸರ್ಕಾರ 2024ರಲ್ಲಿ ಐಟಿ ಸಂಸ್ಥೆಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಾಗ, ಕುಂದುಕೊರತೆ ಸಮಿತಿ ಇರಲೇಬೇಕೆಂಬ ಷರತ್ತು ಹಾಕಿತ್ತು. ನಿಮ್ಮಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಫೋನಿನಲ್ಲಿ ಕೇಳಿದರೆ ಗೆಳೆಯರು ಒಂದು ಹೆಸರನ್ನೂ ಹೇಳಲಾರರು. ಅಪ್ರೈಸಲ್ ಪತ್ರದ ಕೆಳಗೇ ಆ ಹೆಸರುಗಳನ್ನು ಅಚ್ಚುಹಾಕಲಿ, ಮ್ಯಾನೇಜರರ ಕೋಣೆಗೆ ಅವರಲ್ಲೊಬ್ಬರು ಜೊತೆಗೆ ಬರಲಿ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ, ಬರುವ ಏಪ್ರಿಲ್‌ನಿಂದಲೇ ಶುರುಮಾಡಬಹುದು.