ಕಿವಿ ಮಿಷನ್ ಏನು ಮೊಬೈಲಾ?

ಈಗಷ್ಟೇ ಮನೆಗೆ ಬಂದೆವು. ಅಮ್ಮ ಊಟ ಬೇಡ ಅಂತ ಮಲಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ. ತಮ್ಮನ ಕೇಸ್ ಏನು, ಅವನು ಏನು ಮಾಡಿದ ಅಂತ ಯಾರೂ ಕೇಳಬೇಡಿ. ಅದನ್ನು ಕೋರ್ಟು ನೋಡಿಕೊಳ್ಳುತ್ತೆ.

ಬೆಳಗಿನ ಜಾವ ಮೂರೂವರೆಗೆ ಎದ್ದು ಮೊದಲ ಬಸ್ ಹಿಡಿದಿದ್ದೆವು. ಜೈಲಲ್ಲಿರೋ ತಮ್ಮನನ್ನ ನೋಡೋಕೆ ಇ-ಮುಲಾಖಾತ್‌ನಲ್ಲಿ, ಅಂದರೆ ಜೈಲು ಭೇಟಿಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಬುಕ್ ಆಗಿತ್ತು. ಆಧಾರ್ ಇತ್ತು, ಜೆರಾಕ್ಸ್ ಇತ್ತು. ಮೊಬೈಲು, ಪರ್ಸು ಕೊಟ್ಟು ಟೋಕನ್ ತಗೊಂಡೆವು. ಎಲ್ಲಾ ಸರಿಯಾಗೇ ಇತ್ತು. ಆಮೇಲೆ ತಪಾಸಣೆ ಮಾಡುವಾಕೆಯ ಕೈ ಅಮ್ಮನ ಕಿವಿಯ ಹಿಂದೆ ಹೋಯಿತು.

"ಏನಿದು? ತೆಗಿ."

ಅಮ್ಮನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ಆಕೆ ಇನ್ನೂ ಜೋರಾಗಿ, "ತೆಗಿಯಮ್ಮ ಅದನ್ನ!" ಇಡೀ ಸಾಲು ತಿರುಗಿ ನೋಡಿತು. ಮೇಡಂ, ಅದು ಕಿವಿ ಮಿಷನ್ನು, ಅದಿಲ್ಲದೆ ಅವಳಿಗೆ ಏನೂ ಕೇಳಿಸಲ್ಲ ಅಂದೆ. "ಬ್ಲೂಟೂತ್ ಇದ್ದರೆ? ಎಲೆಕ್ಟ್ರಾನಿಕ್ ಐಟಂ ಒಳಗೆ ಬಿಡಲ್ಲ." ಸಾಹೇಬರನ್ನ ಕೇಳಿ ಅಂದೆ. ಸಾಹೇಬರು ಇಲ್ಲವಂತೆ. ಡಾಕ್ಟರ್ ಚೀಟಿ ತರಬೇಕಿತ್ತಂತೆ. ಬುಕ್ ಮಾಡುವಾಗ ಯಾರೂ ಹೇಳಲಿಲ್ಲವಲ್ಲ ಅಂದರೆ, "ಹಾಗಾದ್ರೆ ಚೀಟಿ ತಗೊಂಡು ಇನ್ನೊಂದಿನ ಬನ್ನಿ." ಹಿಂದಿನವರು ಗೊಣಗೋಕೆ ಶುರು ಮಾಡಿದರು. ಅವರಿಗೂ ಸಮಯ ಮುಖ್ಯ ಅಲ್ವಾ.

ಕೊನೆಗೆ ನಾನೇ ಬಿಚ್ಚಿದೆ. ನನ್ನ ಕೈಯಾರೆ. ಅದರ ನಳಿಗೆಗೆ ಅಮ್ಮನ ಒಂದು ಬಿಳಿ ಕೂದಲು ಸಿಕ್ಕಿಕೊಂಡು ಕಿತ್ತು ಬಂತು. ಆಫ್ ಮಾಡೋಕೆ ನನಗೆ ಹೊಳೆಯಲೇ ಇಲ್ಲ. ಟ್ರೇನಲ್ಲಿ ಹಾಕಿದ ತಕ್ಷಣ ಅದು ಕುಯ್ ಅಂತ ಕೂಗೋಕೆ ಶುರು ಮಾಡಿತು. ಆಫ್ ಮಾಡದೆ ಬಿಚ್ಚಿಟ್ಟರೆ ಕಿವಿ ಮಿಷನ್ನು ಹಾಗೆ ಕೂಗೋದುಂಟು. "ನೋಡಿ, ಸೌಂಡ್ ಬರ್ತಿದೆ!" ಅಂದಳು ಆಕೆ, ಏನೋ ಕಳ್ಳಮಾಲು ಹಿಡಿದವಳ ಹಾಗೆ. ಆ ಸದ್ದೂ ಅಮ್ಮನಿಗೆ ಕೇಳಿಸಲಿಲ್ಲ.

ಒಳಗೆ ಗಾಜಿನ ಆಚೆ ತಮ್ಮ. ಈ ಕಡೆ ಒಂದು ರಿಸೀವರ್, ಆ ಕಡೆ ಒಂದು. ಅಮ್ಮ ಬಲಗಿವಿಗೆ ಇಟ್ಟಳು, ಎಡಗಿವಿಗೆ ಇಟ್ಟಳು. ಅವನ ತುಟಿ ಅಲ್ಲಾಡುವುದಷ್ಟೇ ಅವಳಿಗೆ ಕಾಣುತ್ತಿತ್ತು. ಆಮೇಲೆ ಕೂಗಿದಳು: "ಉಂಡ್ಯೇನೋ? ಚಳಿಗೆ ಹೊದಿಕೆ ಕೊಟ್ಟವ್ರಾ?" ಕೂಗಿದ್ದು ಎಷ್ಟು ಜೋರಾಗಿ ಅಂದರೆ ಅಕ್ಕಪಕ್ಕದ ಕಿಟಕಿಯವರೆಲ್ಲ ಮಾತು ನಿಲ್ಲಿಸಿದರು. "ಇದೇನು ಸಂತೆನಾ? ಮೆಲ್ಲಗೆ ಮಾತಾಡ್ರಿ!" ಹಿಂದಿನಿಂದ ಒಬ್ಬರು ಗದರಿದರು. ಅಮ್ಮ ಮತ್ತೆ ಅಷ್ಟೇ ಜೋರಾಗಿ, "ಉಂಡ್ಯೇನೋ?" ತಮ್ಮ ತಲೆ ತಗ್ಗಿಸಿ ರಿಸೀವರ್ ಕೆಳಗಿಟ್ಟ. ಹತ್ತು ನಿಮಿಷ ಮುಗಿಯಿತು.

ಹೋಗಲಿ ಬಿಡಿ, ಅವರಿಗೂ ಅವರ ಕಷ್ಟ ಇರುತ್ತೆ. ಜೈಲೊಳಗೆ ಮೊಬೈಲು, ಗಾಂಜಾ ಸಿಕ್ಕ ಸುದ್ದಿ ಆಗಾಗ ಪೇಪರ್‌ನಲ್ಲಿ ಬರುತ್ತಲೇ ಇರುತ್ತೆ.

ಇಲ್ಲ, ಯಾಕೆ ಬಿಡಬೇಕು? ಕಿವಿ ಕೇಳದ ಮುದುಕಿ ಅದರಲ್ಲಿ ಯಾರಿಗೆ ಫೋನ್ ಮಾಡುತ್ತಾಳೆ? ಬಂಧನದಲ್ಲಿರುವವರು ಮನೆಯವರನ್ನು ನೋಡಿ ಮಾತಾಡುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. 2016ರ ಅಂಗವಿಕಲರ ಕಾಯ್ದೆಯಲ್ಲಿ ಕಿವಿ ಕೇಳದವರೂ ಇದ್ದಾರೆ. ತಮ್ಮನಿಗೆ ಶಿಕ್ಷೆ ಆಗಿಲ್ಲ, ಅವನಿನ್ನೂ ವಿಚಾರಣಾಧೀನ. 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ಹೀಗೇ ಇದ್ದವರು. ಅವರ ಅಮ್ಮಂದಿರಲ್ಲಿ ನಮ್ಮಮ್ಮನೊಬ್ಬಳಿಗೇನಾ ಕಿವಿ ಕೇಳಿಸದಿರುವುದು? ಕಿವಿ ಮಿಷನ್ ಬಿಡಬೇಕು ಅಂತ ನಿಯಮ ಇದೆಯಾ, ಇಲ್ವಾ? ಗೊತ್ತಿರುವವರು ಯಾರಾದರೂ ಉತ್ತರ ಕೊಡಿ. ವಕೀಲರಾಗಲಿ, ಇಲಾಖೆಯವರಾಗಲಿ. ಯಾರ ಸಹಿ ಬೇಕು ಹೇಳಿ, ಅವರ ಬಾಗಿಲಲ್ಲಿ ಕೂತು ತರುತ್ತೇನೆ.

ಒಳಗಿನಿಂದ ಅವನೇ ಫೋನ್ ಮಾಡಿದರೆ ಉಂಟು. ನಾವು ತಿರುಗಿ ಮಾಡೋಕಾಗಲ್ಲ. ಒಂದು ಸಲ ತಪ್ಪಿದರೆ ತಪ್ಪಿತು. ಅದಕ್ಕೇ ಅಮ್ಮ ನೀರು ತರೋಕೆ ಹೋದರೂ ಫೋನ್ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಾಳೆ.

ಇನ್ನು ಆ ಗೇಟಿಗೆ ಕಾಲಿಡಲ್ಲ ಅಂತ ವಾಪಸ್ ಬರುವಾಗ ಬಸ್ಸಲ್ಲೇ ತೀರ್ಮಾನ ಮಾಡಿದ್ದೆ. ಮನೆಗೆ ಬಂದು ಮತ್ತೆ ಬುಕ್ ಮಾಡಿದೆ. ಓಟಿಪಿ ಬಂತು, ಹಾಕಿದೆ. ಗುರುವಾರ ಹೋಗಬೇಕು ಅಂತ ಅಮ್ಮನಿಗೆ ಹೇಳಿದೆ. ಅವಳು ಮಿಷನ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

"ಅಲ್ಲಿಗೆ ಹೋಗುವಾಗ ಇದು ಬ್ಯಾಡ ಬಿಡು. ಬರೀ ನೋಡ್ಕೊಂಡು ಬರಾನ."