ಎರೆಭೂಮಿಯ ಅಡಿಪಾಯ: ಒಂದು ಸ್ಪಷ್ಟನೆ

ಗದಗ, ವಿಜಯಪುರದಂಥ ಎರೆಭೂಮಿಯಲ್ಲಿ (ಕಪ್ಪು ಜೇಡಿಮಣ್ಣಿನ ನೆಲದಲ್ಲಿ) ಅಡಿಪಾಯಕ್ಕೆ ಕಬ್ಬಿಣ, ಸಿಮೆಂಟು ಹೆಚ್ಚು ಹಾಕಿದರೆ ಸಾಕು, ಗೋಡೆ ಬಿರುಕು ಬಿಡುವುದಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣು ತೇವ ಉಳಿಸಿಕೊಂಡು ಅಂಚಿನ ಮಣ್ಣು ಮಾತ್ರ ಋತುವಿಗೆ ತಕ್ಕಂತೆ ಏರಿಳಿಯುವುದರಿಂದ ಗೋಡೆ ಓರೆಯಾಗಿ ಸೀಳುತ್ತದೆ. ಒಂದಂತಸ್ತಿನ ಹಗುರ ಮನೆಗೇ ಈ ಕಾಟ ಹೆಚ್ಚು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿರುವುದಿಲ್ಲ. ಎರೆಯ ಪದರ ತೆಳುವಾಗಿದ್ದರೆ ಗಟ್ಟಿ ಗರಸು ಸಿಗುವವರೆಗೆ ಅಗೆಯಬೇಕು. ಆಳವಾಗಿದ್ದರೆ ತೇವದ ಏರುಪೇರು ತಲುಪದ ಮಟ್ಟಕ್ಕೆ, ಸಾಮಾನ್ಯವಾಗಿ ಕನಿಷ್ಠ 3.5 ಮೀಟರ್ ಆಳಕ್ಕೆ, ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡ ಅಗಲಿಸಿದ ಕಾಂಕ್ರೀಟ್ ಕಂಬ, ಇಳಿಸಬೇಕು. ಇವುಗಳಲ್ಲಿ ಯಾವುದು ತಕ್ಕದ್ದೆಂಬುದನ್ನು ನಿವೇಶನದ ಮಣ್ಣು ಪರೀಕ್ಷೆಯೇ ನಿರ್ಧರಿಸಬೇಕು.